ಪರದೆ ದಾಟಿದ ಲಗ್ನಪತ್ರಿಕೆ

"ಇನ್ನು ನೋಡು, ಸಿನಿಮಾ ಟೆಂಟೂ ಸೋಲಬೇಕು," ಎನ್ನುತ್ತ ನಮ್ಮ ಯಜಮಾನರು ನನ್ನ ಹಳೇ ಮಾನಿಟರಿನ ನೆತ್ತಿಯ ಮೇಲೆ ಉಪ್ಪಿನಕಾಯಿ ಜಾಡಿಯಂಥ ಯಂತ್ರವೊಂದನ್ನು ಕೂರಿಸಿದರು. ಹೆಸರು ಚಿತ್ರವರ್ಧಿನಿ. ಬಾಯಲ್ಲಿ ಹೇಳಿದರೆ ಸಾಕು, ಕೆಲಸ ಮಾಡುತ್ತದಂತೆ!

ನಂಜನಗೂಡಿನ ನಮ್ಮ ಮನೆಯ ಮುಂದಿನ ಕೋಣೆಯೇ ನನ್ನ ಡಿಟಿಪಿ ಅಂಗಡಿ. ಎರಡು ದಿನದಿಂದ ಮಾನಿಟರಿನ ಚಿತ್ರ ಕುಗ್ಗಿ ಕುಗ್ಗಿ ಬೆಂಕಿಪೊಟ್ಟಣದಷ್ಟಾಗಿತ್ತು. ಕೇಬಲ್ ಬದಲಾಯಿಸಿದೆ, ಹಿಂದಿನ ತಿರುಪುಗಳನ್ನೆಲ್ಲ ತಿರುಗಿಸಿದೆ, ಸಿಟ್ಟಿಗೆ ಎರಡು ಏಟೂ ಹಾಕಿದೆ. ಜಪ್ಪಯ್ಯ ಅನ್ನಲಿಲ್ಲ. ಅವತ್ತೇ ಪುಟ್ಟಮಾದಪ್ಪನವರು ಕಿರಿಮಗಳ ಲಗ್ನಪತ್ರಿಕೆಯ ಪ್ರೂಫ್ ನೋಡಲು ಬರುವವರಿದ್ದರು. ಹಿರಿಮಗಳ ಪತ್ರಿಕೆಯಲ್ಲಿ ನಾನು ವರನ ಹೆಸರನ್ನೇ ತಪ್ಪು ಹಾಕಿದ್ದೆ. ಈ ಸಲವೂ ತಪ್ಪಿದರೆ ಊರಲ್ಲಿ ಯಾರೂ ನನಗೆ ಕೆಲಸ ಕೊಡುವುದಿಲ್ಲ.

"ದೊಡ್ಡದು ಮಾಡು," ಎಂದರು ಯಜಮಾನರು. ಚಿತ್ರ ಸರ್ರನೆ ಹಿಗ್ಗಿ ಪರದೆ ತುಂಬಿತು! ಮದುವೆಯಾದ ಮೇಲೆ ಮೊದಲ ಸಲ ಅವರ ಮೇಲೆ ನನಗೆ ಹೆಮ್ಮೆಯಾಯಿತು. ಪುಟ್ಟಮಾದಪ್ಪನವರು ಬಂದು ಕನ್ನಡಕ ಏರಿಸಿ ಓದತೊಡಗಿದರು.

ಅಷ್ಟರಲ್ಲಿ ಒಳಗಿನಿಂದ ಅತ್ತೆ ಬಂದರು. ದೀಪ 'ಆರಿಸು' ಅನ್ನುವುದು ಅಪಶಕುನವೆಂದು 'ದೊಡ್ಡದು ಮಾಡು' ಅನ್ನುವ ಕಾಲದವರು ಅವರು. ಬಲ್ಬಿಗೂ ಟಿವಿಗೂ ಅದೇ ಮರ್ಯಾದೆ.

"ಹಗಲೊತ್ತಲ್ಲಿ ಯಾಕವ್ವ ಕರೆಂಟು ಉರಿಸ್ತೀಯೆ? ದೊಡ್ಡದು ಮಾಡು."

ಪತ್ರಿಕೆ ಪರದೆಯಿಂದ ಹೊರಬಿದ್ದು ಗೋಡೆ ತುಂಬ ಹರಡಿತು! ಇನ್ನೂ ಆರಲಿಲ್ಲವಲ್ಲ ಎಂದು ಅತ್ತೆ ಅದೇ ಮಾತನ್ನು ಇನ್ನಷ್ಟು ಗಟ್ಟಿಯಾಗಿ ಹೇಳಿದರು. ಪತ್ರಿಕೆಯ ಗಣಪತಿ ಕಿಟಕಿ ದಾಟಿ ಎದುರುಮನೆಯ ತಾರಸಿಯ ಮೇಲೆ ಕೂತ. ಮೂರನೆಯ ಸಲಕ್ಕೆ ಲಗ್ನಪತ್ರಿಕೆ ಊರಿನ ಆಕಾಶಕ್ಕೇ ಹಾಸಿಕೊಂಡಿತು. ಒಂದೊಂದು ಅಕ್ಷರ ಒಂದೊಂದು ಬಸ್ಸಿನಷ್ಟು!

ವೈರು ಕಿತ್ತೆ. ಯಂತ್ರಕ್ಕೆ ಸ್ವಂತ ಬ್ಯಾಟರಿ, ಅದನ್ನೂ ಬೆಸುಗೆ ಹಾಕಿ ಮುಚ್ಚಿದ್ದರು ಪುಣ್ಯಾತ್ಮರು. 'ಚಿಕ್ಕದು ಮಾಡು' ಎಂದು ಅರಚಿದೆ. ಆ ಮಾತನ್ನು ಅದಕ್ಕೆ ಕಲಿಸಿಯೇ ಇರಲಿಲ್ಲ. ಅದಕ್ಕೆ ಗೊತ್ತಿರುವ ಇನ್ನೊಂದೇ ಮಾತು 'ಆರಿಸು' ಎಂದರು ಯಜಮಾನರು. ಹೇಳಲು ಬಾಯಿ ತೆರೆದೆ.

"ನನ್ನ ಮಗಳ ಲಗ್ನಪತ್ರಿಕೆ ಕಣವ್ವ ಅದು. ಆ ಮಾತು ಅಂದೀಯ, ಜೋಕೆ," ಎಂದರು ಪುಟ್ಟಮಾದಪ್ಪನವರು. ಅತ್ತೆ ನನ್ನ ಬಾಯಿಯನ್ನೇ ಮುಚ್ಚಿಬಿಟ್ಟರು.

ಹೀಗಾಗಿ ಮದುವೆ ಮುಗಿಯುವ ತನಕ, ಹನ್ನೊಂದು ದಿನ, ಅದು ಆಕಾಶದಲ್ಲೇ ಇತ್ತು. 'ಸಕುಟುಂಬ ಪರಿವಾರ ಸಮೇತರಾಗಿ' ಎಂಬುದನ್ನು ಓದಿಕೊಂಡು ನಂಜನಗೂಡಿಗೆ ನಂಜನಗೂಡೇ ಊಟಕ್ಕೆ ಬಂತು. ಅಡುಗೆಯವರು ಐದು ಸಲ ಅನ್ನಕ್ಕೆ ಎಸರಿಟ್ಟರು. ಪತ್ರಿಕೆ ಅಚ್ಚು ಹಾಕಿಸುವ ಮಾತನ್ನು ಪುಟ್ಟಮಾದಪ್ಪನವರು ಮತ್ತೆ ಎತ್ತಲೇ ಇಲ್ಲ.

ಇರಲಿ. ಇಡೀ ತಾಲ್ಲೂಕು ಕತ್ತೆತ್ತಿ ಓದಿದರೂ ಒಂದು ಅಕ್ಷರದ ತಪ್ಪೂ ಸಿಗಲಿಲ್ಲ.