ವೀರಗಲ್ಲು ಮಾರಿ ತೊಳೆಯುವ ಹೊತ್ತು

ಕಲ್ಲಿಗೂ ಆಫೀಸ್ ಟೈಮ್ ಇರುತ್ತದೆ ಎಂದು ನಂಬಿದ ಮನುಷ್ಯ ಜಗತ್ತಿನಲ್ಲಿ ಒಬ್ಬನೇ. ಅವನು ನನ್ನ ಸೋದರಮಾವನೇ ಆಗಬೇಕಿತ್ತೇ!

ಸುರಪುರದ ಹಳೇ ಕಟ್ಟಡವೊಂದರಲ್ಲಿರುವ ಮ್ಯೂಸಿಯಮ್ಮಿಗೆ ಮಾಮಾ ಕಾವಲುಗಾರ. ಅಲ್ಲೊಂದು ವೀರಗಲ್ಲು. ಕೆತ್ತನೆ ಸವೆದು ವೀರನ ಮುಖವೇ ಕಾಣದು. ಹನ್ನೊಂದೂವರೆ ಸುಮಾರಿಗೆ ಚಾವಣಿಯ ಬೆಳಕಿಂಡಿಯಿಂದ ಬಿಸಿಲು ಕಲ್ಲನ್ನು ಸವರಿಕೊಂಡು ಇಳಿದಾಗ ಮಾತ್ರ ಕಣ್ಣು, ಮೀಸೆ, ತುಟಿಯಂಚಿನ ನಗು ಮೂಡುತ್ತಿದ್ದವು. ಹತ್ತೇ ನಿಮಿಷ! ಅಲ್ಲಿಯತನಕ ಮಾಮಾ ಅದಕ್ಕೆ ತನ್ನ ಟವೆಲ್ ಹೊದಿಸಿಟ್ಟಿರುತ್ತಿದ್ದ.

ಒಮ್ಮೆ ಯಾದಗಿರಿಯಿಂದ ದೊಡ್ಡ ಅಧಿಕಾರಿಯೊಬ್ಬರು ಹತ್ತಕ್ಕೇ ಬಂದರು.

"ಜರಾ ತಡೀರಿ ಸಾಹೇಬ್ರ. ಅಂವ ಇನ್ನಾ ಮಾರಿ ತೊಳ್ಕೊಂಡಿಲ್ಲ."

"ಯಾರ್ರೀ ಅಂವ?"

"ವೀರ್ರಿ!"

ಸಾಹೇಬರು ಎರಡು ಚಹಾ ಕುಡಿದು ಕಾದರು. ಮೋಡ ಕವಿದರಂತೂ ವೀರನಿಗೆ ರಜೆ. ಶಹಾಪುರದಿಂದ ಬಂದ ಇಡೀ ಶಾಲೆಯನ್ನೇ "ನಾಳಿ ಬರ್ರಿ" ಎಂದು ವಾಪಸ್ ಕಳಿಸಿದ ಪುಣ್ಯಾತ್ಮ!

ಗಾಜು ಬಿರುಕುಬಿಟ್ಟು ಬೆಳಕಿಂಡಿಗಳು ಸೋರತೊಡಗಿದವು. ಬದಲಿಸುವ ಕೆಲಸ ಇಂಜಿನಿಯರಾದ ನನ್ನ ಪಾಲಿಗೇ ಬಂತು. ಹಾಲುಬಣ್ಣದ ಗಟ್ಟಿ ಶೀಟು ಹಾಕುವುದೆಂದು ತೀರ್ಮಾನವಾಯಿತು.

"ಎಲ್ಲಾದಕ್ಕೂ ಅದನ್ನ ಹಾಕವ್ವಾ. ವೀರನ ತಲಿ ಮ್ಯಾಲಿಂದಕ್ಕ ಮಾತ್ರ ತಿಳಿ ಗಾಜು ಹಾಕು," ಎಂದು ಮಾಮಾ ಆರು ಸಲ ಹೇಳಿದ. ಆರೂ ಸಲ "ಆಯ್ತು ಮಾಮಾ" ಎಂದೆ. ಆರ್ಡರ್ ಬರೆಯುವಾಗ ಮರೆತು, ಎಲ್ಲವೂ ಒಂದೇ ಬಗೆ ಎಂದು ಗೀಚಿಬಿಟ್ಟೆ! ನೆನಪಾಗುವಷ್ಟರಲ್ಲಿ ಶೀಟು ಕೂತಾಗಿತ್ತು. ಬಿಚ್ಚಿಸಬೇಕೆಂದರೆ ಮೇಲಿನವರ ಮುಂದೆ ತಪ್ಪು ಒಪ್ಪಿಕೊಳ್ಳಬೇಕಿತ್ತು. ನಾನು ಒಪ್ಪಿಕೊಳ್ಳಲಿಲ್ಲ.

ಈಗ ಬಿಸಿಲು ಇಳಿಯುವುದೇ ಇಲ್ಲ, ಒಳಗೆಲ್ಲ ಒಂದೇ ಸಮನೆ ಬೆಳಕು. ವೀರನ ಮುಖ ಬರೀ ಕಲ್ಲು. ಸಾರಿಗೆ ಉಪ್ಪು ಕಡಿಮೆಯಾದರೆ ಇಡೀ ರಂಗಂಪೇಟೆಗೆ ಕೇಳುವಂತೆ ಕೂಗಾಡುವ ಮನುಷ್ಯ ನನಗೆ ಒಂದು ಮಾತೂ ಅನ್ನಲಿಲ್ಲ. ಬೈದಾದರೂ ಬಿಡಬಾರದಿತ್ತೇ! ನನಗೆ ಅದೇ ಸಂಕಟ.

ಮೊನ್ನೆ ಹೋದಾಗ ಒಂದು ಕುಟುಂಬ ವೀರಗಲ್ಲಿನ ಮುಂದೆ ನಿಂತಿತ್ತು. ಬಾಗಿಲಲ್ಲಿದ್ದ ನನ್ನನ್ನು ಮಾಮಾ ನೋಡಿರಲಿಲ್ಲ.

"ಇದಕ್ಕ ಮಾರಿನೇ ಇಲ್ಲಲ್ರಿ?" ಎಂದಳು ಹೆಂಗಸು.

"ಅದನ್ನ ಬಿಡ್ರಿ, ಮ್ಯಾಲ ನೋಡ್ರಿ! ಎಂಥಾ ಮಳಿ ಬಂದ್ರೂ ಒಂದ್ ಹನಿ ಸೋರಂಗಿಲ್ಲ. ನಮ್ಮ ಅಕ್ಕನ ಮಗಳು ಮಾಡ್ಸ್ಯಾಳ!"

ಎಲ್ಲರೂ ತಲೆಯೆತ್ತಿ ಚಾವಣಿ ನೋಡಿದರು. ಗೋಡೆಯ ಗಡಿಯಾರದಲ್ಲಿ ಹನ್ನೊಂದೂವರೆ. ಯಾರೂ ನೋಡದ ಆ ಗಳಿಗೆಯಲ್ಲಿ ಮಾಮಾ ಹೆಗಲ ಟವೆಲ್ ತೆಗೆದು ಕಲ್ಲಿನ ಮುಖ ಮೆಲ್ಲಗೆ ಒರೆಸಿದ.