ಶ್ರುತಿ ನಿರ್ಧಾರ ಸಮಿತಿಯ ನಡಾವಳಿ

ನಮ್ಮ ಗಂಡುಮಕ್ಕಳ ವಸತಿಶಾಲೆ ಪ್ರಗತಿಪರವಾದದ್ದು. ಇಲ್ಲಿ ಯಾವ ವಿದ್ಯಾರ್ಥಿಯೂ ತಪ್ಪು ಮಾಡುವುದಿಲ್ಲ. ನಿಯಮಾವಳಿಯಲ್ಲಿ ಅದಕ್ಕೆ ಅವಕಾಶವೇ ಇಲ್ಲ. ದೊಡ್ಡವರು ಚಿಕ್ಕವರೆಂಬ ಭೇದವೂ ಇಲ್ಲದ್ದರಿಂದ ಮೂವತ್ತೆರಡರ ಮುಖ್ಯೋಪಾಧ್ಯಾಯರನ್ನು ಎಲ್ಲರೂ ‘ಅಣ್ಣ’ ಎನ್ನಬೇಕು. ಐವತ್ತು ದಾಟಿದ ಸಂಗೀತದ ಮೇಷ್ಟರೂ ಹಾಗೇ ಅನ್ನುತ್ತಿದ್ದರು. ಅವರ ಕೆಲಸ ಇನ್ನೂ ಖಾಯಂ ಆಗಿರಲಿಲ್ಲ. ಖಾಯಂ ಆಗದೆ ಶಾಲೆಯ ಮನೆ ಸಿಗುವಂತಿರಲಿಲ್ಲ. ಹೆಂಡತಿ ತವರಿನ ನಡುಮನೆಯಲ್ಲಿ ಗಂಟುಮೂಟೆ ಕಟ್ಟಿಕೊಂಡು ಕಾಯುತ್ತಿದ್ದರು.

ಹೀಗಿರುವಾಗ ಮೇಷ್ಟರು ಒಬ್ಬ ಹುಡುಗನಿಗೆ, “ಶ್ರುತಿ ಸೇರ್ತಿಲ್ಲ ಕಣಪ್ಪ” ಎಂದುಬಿಟ್ಟರು. ಸಂಜೆಯೊಳಗೆ ದೂರು ಬಂತು. ಅಣ್ಣ ಕರೆಸಿದರು.

“ಯಾವ ಶ್ರುತಿಗೆ ಸೇರ್ಲಿಲ್ಲ?”

“ಹಾರ್ಮೋನಿಯಂ ಶ್ರುತಿಗೆ, ಅಣ್ಣ.”

“ಅದನ್ನ ಆರಿಸೋವಾಗ ಹುಡುಗರನ್ನ ಕೇಳಿದ್ರಾ?”

“ಇಲ್ಲ ಅಣ್ಣ. ಅದು ಮೊದಲಿಂದ ಹಾಗೇ ಇದೆ.”

“ದಬ್ಬಾಳಿಕೆ ಎಲ್ಲಾ ಮೊದಲಿಂದ ಹಾಗೇ ಇರುತ್ತೆ ಮೇಷ್ಟ್ರೇ.”

ಕೂಡಲೇ ಶ್ರುತಿ ನಿರ್ಧಾರ ಸಮಿತಿ ರಚನೆಯಾಯಿತು. ವಿಚಾರಣೆಯಲ್ಲಿ ಹಾರ್ಮೋನಿಯಂ ಯಾರ ಮಾತಿಗೂ ಜಗ್ಗದೆ ಅದದೇ ಸ್ವರ ನುಡಿದದ್ದರಿಂದ ಅದನ್ನು ಉಗ್ರಾಣಕ್ಕೆ ಹಾಕಿ ಬೀಗ ಜಡಿಯಲಾಯಿತು. ಪ್ರತಿ ಸೋಮವಾರ ಹಾಡಿನ ಆಧಾರಸ್ವರವಾದ ಷಡ್ಜ ಎಲ್ಲಿರಬೇಕೆಂದು ಹುಡುಗರು ಕೈಯೆತ್ತಿ ತೀರ್ಮಾನಿಸತಕ್ಕದ್ದು, ಸೋತವರು ತಂತಮ್ಮ ಷಡ್ಜದಲ್ಲೇ ಮುಂದುವರಿಯಬಹುದು ಎಂದು ನಿರ್ಣಯವಾಯಿತು. ನಡಾವಳಿ ಬರೆದವನು ಗುಮಾಸ್ತನಾದ ನಾನೇ. ಅಂದಿನಿಂದ ಹಾಡಿನ ಹೊತ್ತಿಗೆ ಅಡುಗೆಯವರು ಕಿಟಕಿ ಮುಚ್ಚತೊಡಗಿದರು. ಅದು ಅವರ ಅಭಿಪ್ರಾಯ ಸ್ವಾತಂತ್ರ್ಯ.

ಆದರೆ ಮೂರನೇ ಸಾಲಿನ ಒಬ್ಬ ಕುಳ್ಳ ಮಾತ್ರ, ಬೀಗ ಹಾಕಿದ ಹಾರ್ಮೋನಿಯಂನ ಶ್ರುತಿಗೇ ಸರಿಯಾಗಿ ಹಾಡುತ್ತಿದ್ದ. ಇದರಿಂದ ಉಳಿದ ನಲವತ್ತು ಮಂದಿಗೆ ಮುಜುಗರವಾಗುತ್ತಿದೆ ಎಂದು ಅರ್ಜಿ ಬಂತು.

“ಅವನದು ತಪ್ಪು ಅಂತ ನಾವು ಹೇಳೋ ಹಾಗಿಲ್ಲ,” ಎಂದರು ಅಣ್ಣ. “ಪ್ರೀತಿಯಿಂದ ಎಲ್ಲರ ಜೊತೆ ಬೆರೆಯೋ ಹಾಗೆ ಮಾಡಿ. ನಿಮ್ಮ ಖಾಯಂ ಕಾಗದ ನನ್ನ ಮೇಜಿನ ಮೇಲೇ ಇದೆ.”

ಮೇಷ್ಟರು ಮೂರು ವಾರ ಆ ಹುಡುಗನನ್ನು ಪಕ್ಕದಲ್ಲಿ ಕೂರಿಸಿಕೊಂಡು ತಿದ್ದಿದರು. ಮೂವತ್ತು ವರ್ಷದ ವಿದ್ಯೆಯನ್ನೆಲ್ಲ ಧಾರೆಯೆರೆದರು.

“ಇನ್ನೊಂಚೂರು ಕೆಳಗೆ ಬಾ ಮಗು.”

“ಕಿವಿಗೆ ಒಂಥರಾ ಆಗುತ್ತೆ ಮೇಷ್ಟ್ರೇ.”

“ಅಭ್ಯಾಸ ಆಗುತ್ತೆ. ನಂಗೂ ಆಯ್ತಲ್ಲ.”

ಬಾಗಿಲಲ್ಲಿ ನಿಂತು ಕೇಳಿದ ನಾನು ಆ ಮಾತನ್ನು ಬರೆದುಕೊಳ್ಳಲು ಪುಸ್ತಕ ತೆರೆದೆ. ನಡಾವಳಿಯಲ್ಲಿ ಅದಕ್ಕೆ ಕಾಲಂ ಇಲ್ಲ.

ಪೋಷಕರ ದಿನದಂದು ನಲವತ್ತೊಂದು ಮಂದಿ ನಲವತ್ತೊಂದು ಷಡ್ಜದಲ್ಲಿ ಒಗ್ಗಟ್ಟಾಗಿ ಹಾಡಿದರು. ಪೋಷಕರು ಎದ್ದುನಿಂತು ಚಪ್ಪಾಳೆ ತಟ್ಟಿದರು. ಖಾಯಂ ಆದೇಶವನ್ನು ವೇದಿಕೆಯ ಮೇಲೇ ಕೊಡಲಾಯಿತು. ಮೇಷ್ಟರ ಕಣ್ಣಲ್ಲಿ ನೀರು ಬಂತು. ವರದಿಯಲ್ಲಿ ನಾನು ಅದನ್ನು ಆನಂದಬಾಷ್ಪ ಎಂದು ದಾಖಲಿಸಿದೆ. ಮೇಷ್ಟರು ಆ ವರದಿಯನ್ನು ಎರಡು ಸಲ ಓದಿ, ಸಹಿ ಹಾಕಿ, ಮನೆಯ ಬೀಗದ ಕೈ ಇಸಕೊಂಡು ಹೋದರು.