ನನ್ನ ತಮ್ಮ ಮತ್ತು ಬೇಸ್‌ಬಾಲಿನ ಕಡೇ ಸುತ್ತು

ನನ್ನ ತಮ್ಮನಂಥ ಧೈರ್ಯಶಾಲಿ ಅರಕೆರೆಯಲ್ಲೇ ಇಲ್ಲ. ಕಬ್ಬಿನ ಗದ್ದೆಯಲ್ಲಿ ನಾಗರಹಾವು ಎದುರಾದರೆ "ವಸಿ ಸೈಡಿಗೋಗಪ್ಪ" ಎಂದು ದಾರಿ ಬಿಡಿಸಿಕೊಂಡು ಹೋಗುವ ಗಂಡು. ಅವನು ಹೆದರುವುದು ಒಂದಕ್ಕೇ. ಅಮೆರಿಕದ ಬೇಸ್‌ಬಾಲಿಗೆ!

ನಗಬೇಡಿ. ನಸುಕಿನಲ್ಲಿ ಹಾಲು ಕರೆಯಲು ಏಳುವವನಿಗೆ ಟಿವಿಯಲ್ಲಿ ಲೈವ್ ಸಿಕ್ಕಿದ್ದು ಆ ಆಟವೊಂದೇ. ಸದಾ ಸೋಲುವ ಟೀಮೊಂದನ್ನು ಹುಡುಕಿ ತನ್ನದಾಗಿಸಿಕೊಂಡ.

"ಇದ್ಯಾಕೋ ಈ ಹೋಪ್‌ಲೆಸ್ ಟೀಮು?" ಎಂದೆ.

"ಗೆಲ್ಲೋರ್ಗೆ ಬೇಕಾದಷ್ಟು ಜನ ಅವ್ರೆ ಕಣಕ್ಕ. ಇವ್ರಿಗ್ಯಾರವ್ರೆ?"

ನನ್ನವರು ಹೋದ ಮೇಲೆ ನಾನು ಇವನ ಮನೆಯಲ್ಲೇ ಇದ್ದೇನೆ. ಮೈಸೂರಿನ ಕಾನ್ವೆಂಟಿನಲ್ಲಿ ಸಿಸ್ಟರುಗಳು ನನಗೆ ಇಂಗ್ಲಿಷೂ ಥ್ರೋಬಾಲೂ ಕಲಿಸಿದ್ದರಲ್ಲ, ಅದೇ ಕ್ವಾಲಿಫಿಕೇಶನ್ ಸಾಕಾಯಿತು. ಇಂಗ್ಲಿಷ್ ಕಾಮೆಂಟರಿಯನ್ನು ಕನ್ನಡಕ್ಕೆ ತರುವ ಕೆಲಸ ನನ್ನ ತಲೆಗೆ ಬಿತ್ತು.

ಒಮ್ಮೆ ಅವನ ಟೀಮು ಮುಂದಿತ್ತು. ಚೆಂಡೆಸೆಯುವ ಪಿಚ್ಚರಿಗೆ ಯಾರ ಕಣ್ಣಾದರೂ ಬಿದ್ದೀತೆಂದು ಭಯ. ಉಪ್ಪು, ಒಣಮೆಣಸಿನಕಾಯಿ ಹಿಡಿದು ಟಿವಿಗೆ ನೀವಾಳಿಸಿ ಒಲೆಗೆ ಹಾಕಿಯೇಬಿಟ್ಟ! ಮನೆತುಂಬ ಘಾಟು. ಅಷ್ಟರಲ್ಲಿ ಆ ಪಿಚ್ಚರ್ ಎಸೆದ ಚೆಂಡನ್ನು ಎದುರಾಳಿ ಸ್ಟೇಡಿಯಮ್ಮಿನಾಚೆಗೇ ಬಾರಿಸಿದ. ಕೆಮ್ಮು ನಮಗೆ, ರನ್ನು ಅವರಿಗೆ!

ಅದೇ ಪಿಚ್ಚರಿಗೆ ಮೊಣಕೈ ನೋವು ಬಂದಾಗ ಇವನ ಮುಖ ನೋಡಲಾಗುತ್ತಿರಲಿಲ್ಲ. ಡೇರಿಯಲ್ಲಿ ಹಾಲು ಅಳೆಯುವವನು ಕೇಳಿದನಂತೆ, "ಯಾಕಣ್ಣೋ, ಮನೇಲಿ ಯಾರ್ಗಾರ ಉಸಾರಿಲ್ವಾ?"

"ನಮ್ಮ ಹುಡುಗುಂಗೆ ಮೊಣಕೈ ನೋವು ಕಣ್ಲಾ."

"ಅಯ್ಯೋ, ಪಾಂಡವಪುರ್ದಲ್ಲಿ ಒಬ್ರು ಚೆನ್ನಾಗಿ ಉಳುಕು ತೆಗೀತಾರೆ. ಬಸ್ಸತ್ತಿಸ್ಕೊಂಡು ಕರ್ಕೊಂಡೋಗು!"

ಇಷ್ಟೇ ಆಗಿದ್ದರೆ ತಮಾಷೆ ಎನ್ನಬಹುದಿತ್ತು. ಆದರೆ ಕಳೆದ ವರ್ಷ ಅವನ ಹೃದಯಕ್ಕೆ ಸ್ಟೆಂಟು ಹಾಕಿದರು. ಟೆನ್ಶನ್ ಕೂಡದೆಂದರು ಡಾಕ್ಟರು. ಅಂದಿನಿಂದ ಮನೆಯಲ್ಲೊಂದು ಕಾನೂನು. ಕಡೇ ಸುತ್ತು ಬಂತೆಂದರೆ ಅವನು ಕೊಟ್ಟಿಗೆಗೆ, ನಾನು ಟಿವಿ ಮುಂದಕ್ಕೆ. ಅವನಿಗೆ ಆಟದ ಭಯ, ನನಗೆ ಅವನ ಭಯ! ಈ ವಯಸ್ಸಿನಲ್ಲಿ ಒಬ್ಬನೇ ತಮ್ಮ ನೋಡಿ.

ಮೊನ್ನೆ ಅವನ ಟೀಮು ಹೇಗೋ ದೊಡ್ಡ ಮ್ಯಾಚಿಗೆ ಬಂದಿತ್ತು. ಎಲ್ಲ ಸುತ್ತು ಮುಗಿದರೂ ಸಮಸಮ. ಸರಿ, ಇನ್ನೊಂದು ಸುತ್ತು. ಅದೂ ಸಮ! ಮತ್ತೊಂದು. ಡ್ರಾ ಎಂಬ ಕರುಣೆಯೇ ಇಲ್ಲವೇ ಈ ಆಟಕ್ಕೆ?

ತಮ್ಮನ ಹೆಂಡತಿ ಕೊಟ್ಟಿಗೆಯಿಂದ ಓಡಿಬಂದಳು. "ಅತ್ಗೆ, ಇವ್ರು ಕೆಚ್ಚಲು ಬುಟ್ಟು ಹಸಿನ ಬಾಲ ನೀವ್ಕೊಂಡು ಕೂತವ್ರೆ! ಮುಖ ಬೆವ್ತೋಗೈತೆ!"

ಕೊಟ್ಟಿಗೆಗೆ ಓಡಲೆಂದು ಎದ್ದೆ. ಆ ಕ್ಷಣವೇ ಎದುರಾಳಿ ಹೊಡೆದ ಚೆಂಡು ಆಕಾಶಕ್ಕೇರಿತು. ನಮ್ಮವನೊಬ್ಬ ಅದರ ಕೆಳಗೆ ಬಂದು ನಿಂತ. ಸುಲಭದ ಕ್ಯಾಚು, ನಾನೂ ಹಿಡಿಯಬಹುದು. ಕೈಗೆ ಬಂತು, ಜಾರಿತು. ಎದುರಾಳಿ ಓಡಿ ರನ್ನು ಮುಗಿಸಿದ. ನಮ್ಮವರ ಸರದಿ ಆಗಲೇ ಮುಗಿದಿತ್ತು, ಒಂದೇ ರನ್ನಿನಲ್ಲಿ ಸೋಲು! ಟಿವಿಯಲ್ಲಿ ಜಾಹೀರಾತು ಶುರುವಾಯಿತು. ಮೈ ಗಾಡ್, ಇವನಿಗೆ ಹೇಗೆ ಹೇಳಲಿ?

ತಿರುಗಿ ನೋಡಿದರೆ ಬಾಗಿಲಲ್ಲಿ ನಿಂತಿದ್ದಾನೆ, ಕಣ್ಣಿಗೆ ಟವೆಲ್ಲು ಒತ್ತಿಕೊಂಡು.

"ಸೋತ್ರಾ?"

"ಕೂತ್ಕೊಳೋ ಮೊದ್ಲು. ಎದೆ ನೋಯ್ತಿದ್ಯಾ?"

"ಇಲ್ಲ, ಯೋಳಕ್ಕ. ಏನಾಯ್ತು?"

"ಒಬ್ಬ ಕ್ಯಾಚು ಬಿಟ್ಟ ಕಣೋ. ಒಂದು ರನ್ನು."

ಅವನು ಕೂರಲಿಲ್ಲ. ಟವೆಲ್ಲನ್ನೂ ತೆಗೆಯಲಿಲ್ಲ.

"ಸೋಲ್ಲಿ ಬುಡು. ಆ ಬುಟ್ಟೋನ ತಾವ್ಕೆ ಯಾರಾರ ಹೋದ್ರಾ? ಒಬ್ನೇ ನಿಂತವ್ನಾ?"

ಇಷ್ಟು ದಿನ ಇವನು ಕೊಟ್ಟಿಗೆಯಲ್ಲಿ ಅಡಗುತ್ತಿದ್ದುದು ಸೋಲಿಗೆ ಹೆದರಿ ಅಲ್ಲವೇ?

"ನಂಗೆ ಅಂಗೆ ಒಬ್ನೇ ನಿಂತಿರೋದೊಂದ್ನ ನೋಡಕಾಗಕಿಲ್ಲ ಕಣಕ್ಕ. ನೀನೇ ನೋಡಿ ಯೋಳು."

ಸೋಪಿನ ಜಾಹೀರಾತು, ಕಾರಿನ ಜಾಹೀರಾತು. ಪ್ಲೀಸ್ ಗಾಡ್, ಯಾರಾದರೂ ಹೋಗಿರಲಿ. ಮೈದಾನ ಕಾಣಿಸಿತು. ಚೆಂಡು ಬಿಟ್ಟವನು ಹುಲ್ಲಿನ ಮೇಲೆ ಕುಕ್ಕರಗಾಲಲ್ಲಿ ಕೂತಿದ್ದ. ಅವನ ಮಗ್ಗುಲಲ್ಲೇ, ಮೊಣಕೈಗೆ ಪಟ್ಟಿ ಕಟ್ಟಿಕೊಂಡ ನಮ್ಮ ಪಿಚ್ಚರ್ ಕೂತಿದ್ದ.

"ಒಬ್ಬನೇ ಇಲ್ಲ ಕಣೋ," ಎಂದೆ.

ತಮ್ಮ ಬಂದು ನನ್ನ ಪಕ್ಕದಲ್ಲಿ ಕೂತ. ಮೆಲ್ಲಗೆ ಟವೆಲ್ಲು ಸರಿಸಿದ.

"ಅಂಗಾರೆ ನೋಡ್ಬೋದು ಬುಡಕ್ಕ," ಎಂದ.